ಕ್ಯಾಂಪರ್ ಗಾಡಿ ಮಾಡಿಸುವ ಮುಂಚೆ: ಯಾವ ದೇಶದ ಮಾದರಿ ನಮ್ಮ ರಸ್ತೆಗೆ ಹೊಂದುತ್ತದೆ?

"ಸರ, ಒಂದ್ ಗಾಡಿ ತಗೊಂಡು ಅದ್ರಾಗ ಹಾಸಿಗಿ, ಒಲಿ ಎಲ್ಲಾ ಮಾಡ್ಸಬೇಕಂತೀನ್ರಿ. ಅಮೆರಿಕಾದ ನಮೂನಿ ಮಾಡ್ಸಲೋ, ಜಪಾನಿಂದೋ?" ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರಿಂದ ನನಗೆ ಪದೇ ಪದೇ ಬರುವ ಪ್ರಶ್ನೆ ಇದು. ಜತೆಗೆ ಯಾವುದೋ ವಿಡಿಯೊದಲ್ಲಿ ಕಂಡ ಗಾಡಿಯ ಫೋಟೊ ಇರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ. ದುಡ್ಡು ಹಾಕುವ ಮುಂಚೆ ಪೂರ್ತಿ ಓದಿ.

ಗಾಡಿಯಲ್ಲೇ ಸಂಸಾರ ಹೂಡಿ ಊರು ತಿರುಗುವುದು ನಮಗೆ ಹೊಸದಲ್ಲ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿಗೆ, ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಮ್ಮ ಹಿರಿಯರು ಚಕ್ಕಡಿ ಕಟ್ಟಿಕೊಂಡೇ ಹೋಗುತ್ತಿದ್ದರು. ಮೇಲೆ ಕಮಾನು, ಒಳಗೆ ರೊಟ್ಟಿ ಬುತ್ತಿ, ಎತ್ತಿಗೆ ಮೇವು, ರಾತ್ರಿ ಮಲಗಲು ಬಂಡಿಯ ಕೆಳಗಿನ ಜಾಗ. ಈಗ ಅದೇ ಕೆಲಸವನ್ನು ತಾಡಪತ್ರಿ ಹೊದಿಸಿದ ಟ್ರ್ಯಾಕ್ಟರ್ ಟ್ರೇಲರ್ ಮಾಡುತ್ತದೆ. ಆ ಚಕ್ಕಡಿಯ ಅಗಲ, ಗಾಲಿಯ ಎತ್ತರ, ಹೇರುವ ಭಾರ ಎಲ್ಲವೂ ನಮ್ಮ ಹಾದಿ ನೋಡಿಯೇ ಮಾಡಿದ್ದು. ಬೇರೆ ದೇಶದವರೂ ತಮ್ಮ ಗಾಡಿಯನ್ನು ಹಾಗೇ, ತಮ್ಮ ರಸ್ತೆ ನೋಡಿ, ತಮ್ಮ ಕರೆಂಟು ನೋಡಿ ಮಾಡಿಕೊಂಡಿದ್ದಾರೆ. ಅದಕ್ಕೇ ಫೋಟೊ ನೋಡಿ ನಕಲು ಮಾಡಿದರೆ ಕೆಡುತ್ತದೆ.

ಶುರು ಮಾಡಲು ನಿಮಗೆ ಬೇಕಾಗುವುದು ಇಷ್ಟು: ಒಂದು ಅಳತೆ ಟೇಪು, ಗಾಡಿಯ ಆರ್‌ಸಿ, ಒಂದು ನೋಟ್‌ಬುಕ್, ಮತ್ತು ಎರಡು ವಾರದ ತಾಳ್ಮೆ. ಪ್ಲೈವುಡ್ ಅಂಗಡಿಗೆ ಈಗಲೇ ಹೋಗಬೇಡಿ.

ಹಂತ 1: ಯಾವ ದೇಶದ ಗಾಡಿ ಯಾಕೆ ಹಾಗಿದೆ ಅಂತ ತಿಳಿಯಿರಿ

ಅಮೆರಿಕದಿಂದ ಶುರು ಮಾಡೋಣ, ಯಾಕಂದ್ರೆ ಬಹಳ ಜನ ಕಳಿಸುವ ಫೋಟೊ ಅಲ್ಲಿನದೇ. ಅಲ್ಲಿ ಇಂಥ ಗಾಡಿಗಳಿಗೆಲ್ಲ ಒಟ್ಟಾಗಿ ಆರ್‌ವಿ ಅನ್ನುತ್ತಾರೆ. ಎಂಜಿನ್ ಇರುವ ಆರ್‌ವಿಯಲ್ಲಿ ಮೂರು ದರ್ಜೆ. ಎ ದರ್ಜೆ ಅಂದರೆ ಬಸ್ಸಿನಂಥದ್ದು, 45 ಅಡಿ ಉದ್ದದವೂ ಇವೆ. ಸಿ ದರ್ಜೆಯಲ್ಲಿ ವ್ಯಾನಿನ ಮೂತಿ ಹಾಗೇ ಉಳಿಸಿ, ಹಿಂದೆ ಮನೆ ಕಟ್ಟಿ, ಚಾಲಕನ ತಲೆಯ ಮೇಲೆ ಚಾಚಿದ ಜಾಗದಲ್ಲಿ ಹಾಸಿಗೆ ಮಾಡಿರುತ್ತಾರೆ. ಬಿ ದರ್ಜೆ ಅಂದರೆ ಬರೀ ವ್ಯಾನು, ಒಳಗೆ ಮಾತ್ರ ಬದಲಾವಣೆ. ಅಕ್ಷರದ ಕ್ರಮದಲ್ಲಿ ಗಾತ್ರ ಇಳಿಯುತ್ತದೆ ಅಂದುಕೊಳ್ಳಬೇಡಿ. ಮೂರರಲ್ಲಿ ಚಿಕ್ಕದು ಬಿ. ಎಂಜಿನ್ ಇಲ್ಲದೆ ಹಿಂದೆ ಎಳೆಸಿಕೊಂಡು ಬರುವವೂ ಇವೆ. ಅದರಲ್ಲಿ ಪಿಕಪ್ಪಿನ ಡಾಲಾ (ಹಿಂದೆ ಸರಕು ಹೇರುವ ಜಾಗ) ಒಳಗೇ ಕೊಂಡಿ ಕೂರಿಸಿ ಎಳೆಯುವುದಕ್ಕೆ ಫಿಫ್ತ್ ವೀಲ್ ಅನ್ನುತ್ತಾರೆ. ಇನ್ನೊಂದು ಪದ ಸ್ಲೈಡ್-ಔಟ್. ಗಾಡಿ ನಿಲ್ಲಿಸಿದ ಮೇಲೆ ಒಂದು ಗೋಡೆ ಡ್ರಾವರ್ ಥರ ಹೊರಗೆ ಸರಿದು ಕೋಣೆ ಅಗಲ ಆಗುತ್ತದೆ. ನೋಡಲು ಚೆಂದ. ಆದರೆ ಇದೆಲ್ಲ ನಡೆಯುವುದು ಅಲ್ಲಿನ ಕ್ಯಾಂಪ್‌ಗ್ರೌಂಡುಗಳಲ್ಲಿ ಕರೆಂಟು, ನೀರು, ಕೊಳೆ ನೀರಿನ ಪೈಪು ಮೂರೂ ಸಿಗುವುದರಿಂದ. ಇಲ್ಲಿ ಆ ಮೂರೂ ಒಟ್ಟಿಗೆ ಸಿಗುವುದು ಅಪರೂಪ.

ಯುರೋಪಿನ ಹಳೆಯ ಊರುಗಳಲ್ಲಿ ಓಣಿ ಕಿರಿದು, ಇಂಧನವೂ ದುಬಾರಿ. ಜತೆಗೆ ಅಲ್ಲಿ ಸಾಮಾನ್ಯ ಕಾರಿನ ಲೈಸೆನ್ಸಿನಲ್ಲಿ ಓಡಿಸುವ ಗಾಡಿಯ ಒಟ್ಟು ತೂಕಕ್ಕೆ 3,500 ಕೆಜಿ ಮಿತಿ ಬಹಳ ಕಾಲದಿಂದ ಇದೆ. ಹಾಗಾಗಿ ಅಲ್ಲಿನವರು ಒಂದೊಂದು ಕೆಜಿ ಲೆಕ್ಕ ಹಾಕಿ ಗಾಡಿ ಕಟ್ಟುತ್ತಾರೆ. ಫೋಕ್ಸ್‌ವ್ಯಾಗನ್ ಕಂಪನಿಯ ಟೈಪ್ 2 ವ್ಯಾನು 1950ರಲ್ಲಿ ಬಂತು. ಮರುವರ್ಷವೇ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ ಅದರೊಳಗೆ ಕೂರಿಸುವ ಪೆಟ್ಟಿಗೆ ತಯಾರಿಸಿತು. ಬೇಕಾದಾಗ ಹಾಕಿ, ಬೇಡವಾದಾಗ ಇಳಿಸುವ ಸಾಮಾನು ಅದು. ಈ ವಿಷಯ ನೆನಪಿಟ್ಟುಕೊಳ್ಳಿ, ಮೂರನೇ ಹಂತದಲ್ಲಿ ನಮಗೇ ಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ಕ್ಯಾರವಾನ್ ಅಂದರೆ ಕಾರಿನ ಹಿಂದೆ ಎಳೆಯುವ ಮನೆ. ನಮ್ಮಲ್ಲಿ ಎಂಜಿನ್ ಇರುವ ಗಾಡಿಗೂ ಅದೇ ಹೆಸರು ಹೇಳುತ್ತೇವೆ, ಸರ್ಕಾರಿ ಕಾಗದದಲ್ಲೂ ಅದು 'ಮೋಟರ್ ಕ್ಯಾರವಾನ್'. ವಿದೇಶದ ಮಾರಾಟಗಾರರ ಹತ್ತಿರ ಮಾತಾಡುವಾಗ ಈ ಒಂದು ಪದದಿಂದ ಎಷ್ಟೋ ಜನಕ್ಕೆ ಗೊಂದಲ ಆಗಿದೆ.

ನಾವು ನಿಜವಾಗಿ ಕಣ್ಣಿಟ್ಟು ನೋಡಬೇಕಾದದ್ದು ಆಸ್ಟ್ರೇಲಿಯಾ ಮತ್ತು ಜಪಾನ್. ಆಸ್ಟ್ರೇಲಿಯಾದಲ್ಲಿ ಬಿಸಿಲು, ಧೂಳು, ಡಾಂಬರಿಲ್ಲದ ಉದ್ದುದ್ದ ರಸ್ತೆ. ಅಲ್ಲಿನ ಗಾಡಿಗೆ ಗಟ್ಟಿ ಚಾಸಿ, ಮುಂದೆ ಕಲ್ಲು ಸಿಡಿಯದಂತೆ ಜಾಲರಿ, ಪಕ್ಕಕ್ಕೆ ಬಿಚ್ಚುವ ನೆರಳಿನ ಬಟ್ಟೆ, ಬಾಗಿಲಿನ ಸುತ್ತ ಒತ್ತಾದ ರಬ್ಬರು. ಜಪಾನಿನಲ್ಲಿ ಎಲ್ಲವೂ ತದ್ವಿರುದ್ಧ: ಜಾಗವೇ ಇಲ್ಲ. ಅಲ್ಲಿ ಕೇ ಅನ್ನುವ ಪುಟ್ಟ ಗಾಡಿಗಳ ವರ್ಗವೇ ಬೇರೆ ಇದೆ. ಉದ್ದ 3.4 ಮೀಟರ್, ಅಗಲ 1.48 ಮೀಟರ್, ಎತ್ತರ 2 ಮೀಟರ್, ಎಂಜಿನ್ 660 ಸಿಸಿ. ಇದನ್ನು ಮೀರುವ ಹಾಗಿಲ್ಲ. ಅಷ್ಟರಲ್ಲೇ ಇಬ್ಬರು ಮಲಗುವ ಹಾಸಿಗೆ, ಒಲೆ, ಪುಟ್ಟ ಸಿಂಕು ಕೂರಿಸುತ್ತಾರೆ. ಈಗ ನಮ್ಮ ಮಾರುತಿ ಈಕೊ ನೋಡಿ. ಅಗಲ 1.475 ಮೀಟರ್! ಉದ್ದ 3.675 ಮೀಟರ್. ಅಂದರೆ ಜಪಾನಿನವರಿಗಿಂತ ಒಂದು ಗೇಣು ಜಾಸ್ತಿಯೇ ಜಾಗ ನಮಗಿದೆ. ಅಲ್ಲಿನ ಒಳವಿನ್ಯಾಸ ಇಲ್ಲಿಗೆ ಸಲೀಸಾಗಿ ಕೂರುತ್ತದೆ.

ಇನ್ನು ನನ್ನ ಅಭಿಪ್ರಾಯ ಹೇಳುತ್ತೇನೆ. ಗಾತ್ರಕ್ಕೆ ಜಪಾನ್ ನೋಡಿ. ಮೈಕಟ್ಟು, ಗಾಳಿ, ಧೂಳಿನ ವಿಷಯಕ್ಕೆ ಆಸ್ಟ್ರೇಲಿಯಾ ನೋಡಿ. ಕರೆಂಟು ಮತ್ತು ಸಂಡಾಸಕ್ಕೆ ಯುರೋಪ್ ನೋಡಿ. ಅಮೆರಿಕದ ಗಾಡಿಯನ್ನು ಅಮೆರಿಕದಲ್ಲೇ ಬಾಡಿಗೆಗೆ ಹಿಡಿದು ಸಂತೋಷಪಡಿ.

ಹಂತ 2: ಗಾಡಿಯಲ್ಲ, ಹಾದಿ ಅಳೆಯಿರಿ

ಟೇಪು ಹಿಡಿದು ಮೊದಲು ನಿಮ್ಮ ಓಣಿಗೆ ಹೋಗಿ. ಮನೆ ಮುಂದೆ ನಿಲ್ಲಿಸುವ ಜಾಗ ಎಷ್ಟಿದೆ? ತಿರುವಿನಲ್ಲಿ ಎದುರು ಬೈಕು ನಿಂತಿದ್ದರೆ ಎಷ್ಟು ಉಳಿಯುತ್ತದೆ? ಆಮೇಲೆ ನೀವು ಹೋಗಬೇಕೆಂದಿರುವ ಊರಿನ ಅಗಸಿ ಮತ್ತು ಸ್ವಾಗತ ಕಮಾನಿನ ಎತ್ತರ ನೋಡಿ. ಇಳಿಬಿದ್ದ ಕರೆಂಟಿನ ತಂತಿಯನ್ನೂ ಗಮನಿಸಿ. ಗಾಡಿಯ ನೆತ್ತಿ ಮೇಲೆ ಸೋಲಾರ್ ಪ್ಲೇಟು, ಫ್ಯಾನಿನ ಮುಚ್ಚಳ, ಸಾಮಾನಿನ ಕ್ಯಾರಿಯರ್ ಸೇರಿದರೆ ಎತ್ತರ ಎಷ್ಟಾಗುತ್ತದೆ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ.

ಎರಡು ವಿಷಯ ಇಲ್ಲಿ ಜನ ಮರೆಯುತ್ತಾರೆ.

ಒಂದು ಬಾಗಿಲು. ಅಮೆರಿಕ ಮತ್ತು ಯುರೋಪಿನ ಬಹುಪಾಲು ದೇಶಗಳಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ. ಹಾಗಾಗಿ ಮನೆಯ ಬಾಗಿಲೂ ಬಲಕ್ಕೇ ಇರುತ್ತದೆ. ಅದೇ ನಕ್ಷೆ ಇಲ್ಲಿ ಮಾಡಿಸಿದರೆ ಮಗು ಬಾಗಿಲು ತೆಗೆದು ನೇರ ಲಾರಿ ಓಡಾಡುವ ಕಡೆ ಇಳಿಯುತ್ತದೆ. ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಜಪಾನ್, ದಕ್ಷಿಣ ಆಫ್ರಿಕಾ ನಮ್ಮ ಹಾಗೇ ಎಡಗಡೆ ಓಡಿಸುವವರು. ಒಳಗಿನ ನಕ್ಷೆ ಕದಿಯುವುದಾದರೆ ಅವರದ್ದನ್ನೇ ಕದಿಯಿರಿ. ಬಾಗಿಲು, ನೆರಳಿನ ಬಟ್ಟೆ, ಹೊರಗಿನ ಅಡುಗೆ ಹಲಗೆ ಮೂರೂ ಎಡಕ್ಕೆ ಬರಬೇಕು.

ಇನ್ನೊಂದು ಬಾಲ. ಹಿಂದಿನ ಗಾಲಿಯಿಂದಾಚೆ ಚಾಚಿರುವ ಭಾಗಕ್ಕೆ ಓವರ್‌ಹ್ಯಾಂಗ್ ಅನ್ನುತ್ತಾರೆ. ಸಿ ದರ್ಜೆಯ ಅಮೆರಿಕನ್ ಗಾಡಿಗಳಲ್ಲಿ ಈ ಬಾಲ ಉದ್ದ, ಯಾಕಂದ್ರೆ ಹಾಸಿಗೆ ಅಥವಾ ಬಚ್ಚಲು ಅಲ್ಲೇ ಇರುತ್ತದೆ. ನಮ್ಮ ಊರೂರಿನ ರೋಡ್ ಹಂಪ್ ಮೇಲೆ ಅದು ಪ್ರತಿ ಸಲ ಕೆರೆಯುತ್ತದೆ. ನಮ್ಮ ಮೋಟಾರು ವಾಹನ ನಿಯಮದ ಪ್ರಕಾರವೂ ಈ ಬಾಲ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ಅಂತರದ ಶೇ. 60ನ್ನು ಮೀರಬಾರದು. ಅಗಲಕ್ಕೆ 2.6 ಮೀಟರ್ ಮಿತಿ. ಚೋರ್ಲಾ ಘಾಟಿಯ ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಈ ಮಿತಿಯ ಅರ್ಥ ಚೆನ್ನಾಗಿ ಆಗುತ್ತದೆ.

ಹಂತ 3: ಕಾಗದ ಸರಿ ಮಾಡಿಕೊಂಡು ಮೂಲ ಗಾಡಿ ಆರಿಸಿ

ಇಲ್ಲಿ ಎಡವಿದರೆ ಮುಂದಿನ ಖರ್ಚೆಲ್ಲ ನೀರಿಗೆ ಹೋಮ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ, ಆರ್‌ಸಿಯಲ್ಲಿರುವ ಮಾಹಿತಿಗೆ ವ್ಯತ್ಯಾಸ ಬರುವಂತೆ ಗಾಡಿ ಬದಲಿಸುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಸೀಟು ಕಿತ್ತರೆ ಆಸನ ಸಂಖ್ಯೆ ಬದಲಾಯಿತು. ನೆತ್ತಿ ಕೊರೆದು ಎತ್ತರಿಸಿದರೆ ಬಾಡಿಯೇ ಬದಲಾಯಿತು. "ಏನೂ ಆಗಲ್ರೀ, ಎಲ್ಲಾರೂ ಮಾಡ್ಸ್ತಾರ" ಅನ್ನುವ ಮಾತು ಗ್ಯಾರೇಜಿನಲ್ಲಿ ಸಿಗುತ್ತದೆ. ಅಪಘಾತ ಆದ ಮೇಲೆ ವಿಮೆಯವರು ಆ ಮಾತು ಕೇಳುವುದಿಲ್ಲ.

ನಿಮ್ಮ ಮುಂದೆ ಇರುವುದು ಎರಡೇ ದಾರಿ.

ಮೊದಲನೆಯದು, ಪೂರ್ತಿ ಕ್ಯಾರವಾನ್. ಇದಕ್ಕೆ ಎಐಎಸ್-124 ಅನ್ನುವ ಮಾನದಂಡ ಇದೆ, ಅಂದರೆ ಮೋಟರ್ ಕ್ಯಾರವಾನ್ ಹೇಗಿರಬೇಕು ಅಂತ ಹೇಳುವ ನಿಯಮಗಳ ಪಟ್ಟಿ. ಅದಕ್ಕೆ ಒಪ್ಪಿಗೆ ಪಡೆದ ತಯಾರಕರಿಂದಲೇ ಮಾಡಿಸಬೇಕು. ಫೋರ್ಸ್ ಟ್ರಾವೆಲರ್ ಥರದ ಗಾಡಿ ಇದಕ್ಕೆ ಹೊಂದುತ್ತದೆ. ನೋಂದಣಿಯಲ್ಲಿ ಕ್ಯಾಂಪರ್ ವ್ಯಾನ್, ಮೋಟರ್ ಕ್ಯಾರವಾನ್ ಅಂತ ಪ್ರತ್ಯೇಕ ವರ್ಗಗಳೇ ಇವೆ. ನಿಮ್ಮ ಆರ್‌ಸಿಯಲ್ಲಿ ಯಾವ ವರ್ಗ ಬರುತ್ತದೆ ಅಂತ ಮುಂಗಡ ಕೊಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಬಾಯಿಮಾತು ಸಾಲದು, ತಯಾರಕರ ಒಪ್ಪಿಗೆ ಪತ್ರದ ಪ್ರತಿ ಕೈಯಲ್ಲಿ ಹಿಡಿಯಿರಿ.

ಎರಡನೆಯದು, ನಾನು ಬಹಳ ಜನಕ್ಕೆ ಹೇಳುವ ದಾರಿ. ಗಾಡಿ ಮುಟ್ಟಬೇಡಿ. ವೆಸ್ಟ್‌ಫಾಲಿಯಾದವರು 1951ರಲ್ಲಿ ಮಾಡಿದಂತೆ ಒಂದು ಪೆಟ್ಟಿಗೆ ಮಾಡಿಸಿ. ಪಟ್ಟಿಯಿಂದ ಬಿಗಿದು ಕೂರಿಸುವಂಥದ್ದು, ಊರಿಗೆ ಬಂದ ಮೇಲೆ ಇಬ್ಬರು ಸೇರಿ ಇಳಿಸುವಂಥದ್ದು. ಹಲಗೆ ಬಿಚ್ಚಿದರೆ ಹಾಸಿಗೆ, ಹಿಂದಿನ ಬಾಗಿಲು ಎತ್ತಿದರೆ ಅಡುಗೆಮನೆ. ಸೀಟು ಇದ್ದಲ್ಲೇ ಇರುತ್ತದೆ, ಗಾಡಿಗೆ ಒಂದು ರಂಧ್ರವೂ ಬೀಳುವುದಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಇಂಥ ಅಲ್ಯೂಮಿನಿಯಂ ಚೌಕಟ್ಟು ಮಾಡಿಕೊಡುವ ಕೈಗಳಿಗೆ ಕೊರತೆ ಇಲ್ಲ. ನಕ್ಷೆ ಮಾತ್ರ ನೀವು ಮಿಲಿಮೀಟರ್ ಲೆಕ್ಕದಲ್ಲಿ ಒಯ್ಯಬೇಕು.

ಒಂದು ಎಚ್ಚರಿಕೆ. ಬೊಲೆರೊ ಕ್ಯಾಂಪರ್ ಅನ್ನುವ ಹೆಸರು ನೋಡಿ ಅದು ಕ್ಯಾಂಪಿಂಗ್ ಗಾಡಿ ಅಂತ ಕೇಳುವವರಿದ್ದಾರೆ. ಅದು ಡಬಲ್ ಕ್ಯಾಬಿನ್ ಇರುವ ಸರಕಿನ ಪಿಕಪ್. ಹಿಂದಿನ ಡಾಲಾದಲ್ಲಿ ಜನರನ್ನು ಕೂರಿಸಿಕೊಂಡು ಓಡಿಸುವ ಹಾಗಿಲ್ಲ.

ಎಳೆಯುವ ಟ್ರೇಲರ್ ಬಗ್ಗೆ ಕೇಳುವವರಿಗೆ: ಟ್ರೇಲರಿಗೂ ಬೇರೆ ನೋಂದಣಿ ಬೇಕು. ಹಿಂದಕ್ಕೆ ತೆಗೆಯುವುದನ್ನು ಕಲಿಯಲು ತಿಂಗಳು ಬೇಕು. ಮೊದಲ ಗಾಡಿಗೆ ಇದು ಬೇಡ.

ಹಂತ 4: ಕಾಟಾ ಮಾಡಿಸಿ

ಕಬ್ಬು ಬೆಳೆಯುವವರಿಗೆ ಕಾಟಾ ಅಂದರೆ ಏನು ಅಂತ ಹೇಳಬೇಕಿಲ್ಲ. ಉಳಿದವರಿಗೆ: ಗಾಡಿ ಸಮೇತ ತೂಕ ಹಾಕುವ ವೇಬ್ರಿಜ್. ಕ್ಯಾಂಪರ್ ಮಾಡಿಸುವವರು ಅಲ್ಲಿಗೆ ಹೋಗುವುದೇ ಇಲ್ಲ. ಇದು ನನಗೆ ನಿಜಕ್ಕೂ ಕಳವಳದ ವಿಷಯ, ಯಾಕಂದ್ರೆ ಬ್ರೇಕು ಮತ್ತು ಟೈರು ಈ ತೂಕದ ಮೇಲೇ ನಿಂತಿವೆ.

ಆರ್‌ಸಿಯಲ್ಲಿ ಎರಡು ಸಂಖ್ಯೆ ನೋಡಿ. ಒಂದು ಖಾಲಿ ತೂಕ, ಇನ್ನೊಂದು ಜನ, ಸಾಮಾನು ಸೇರಿ ಮೀರಬಾರದ ಒಟ್ಟು ತೂಕ. ಎರಡರ ವ್ಯತ್ಯಾಸವೇ ನೀವು ಹೇರಬಹುದಾದ ಭಾರ. ಉದಾಹರಣೆಗೆ ಒಟ್ಟು 1,500, ಖಾಲಿ 950 ಅಂದುಕೊಳ್ಳಿ. ಉಳಿದದ್ದು 550 ಕೆಜಿ. ನಾಲ್ಕು ಜನ ತಲಾ 65 ಅಂದರೆ 260 ಹೋಯಿತು. ಉಳಿದದ್ದು 290. ನೀರು 60, ಹಲಗೆ ಮತ್ತು ಚೌಕಟ್ಟು 70, ಪಾತ್ರೆ ಮತ್ತು ದಿನಸಿ 30, ಹಾಸಿಗೆ 25, ಸೋಲಾರ್ ಪ್ಲೇಟು 25, ಒಲೆ ಮತ್ತು ಗ್ಯಾಸು 15, ಬ್ಯಾಟರಿ 13. ಕೂಡಿದರೆ 238. ಕೈಯಲ್ಲಿ ಉಳಿದದ್ದು 52 ಕೆಜಿ. ಇನ್ನೂ ಬಟ್ಟೆ ಚೀಲ ಹಾಕಿಲ್ಲ!

18 ಎಂಎಂ ಪ್ಲೈವುಡ್ಡಿನ ಒಂದು ಪೂರ್ತಿ ಶೀಟು 30 ಕೆಜಿಗೂ ಮೇಲೆ ತೂಗುತ್ತದೆ. ಮನೆಯ ಕಪಾಟು ಮಾಡುವ ಮಿಸ್ತ್ರಿ ಕೈಗೆ ಕೆಲಸ ಕೊಟ್ಟರೆ ಅಭ್ಯಾಸಬಲದಿಂದ ಅದನ್ನೇ ಹಾಕುತ್ತಾನೆ. 12 ಎಂಎಂ ಕೇಳಿ, ಭಾರ ಬೀಳದ ಕಡೆ 6 ಎಂಎಂ ಸಾಕು. ಭಾರದ ಸಾಮಾನು ಕೆಳಗೆ, ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವೆ ಇರಲಿ. ನೆತ್ತಿ ಮೇಲೆ ಟೆಂಟು ಹಾಕುವವರು ಗಾಡಿಯ ಮ್ಯಾನ್ಯುಯಲ್ಲಿನಲ್ಲಿ ಛಾವಣಿಯ ಮಿತಿ ಓದಿ. ದೊಡ್ಡ ಟೆಂಟು ತಾನೇ 50-60 ಕೆಜಿ ಇರುತ್ತದೆ, ಎಷ್ಟೋ ಚಿಕ್ಕ ಕಾರುಗಳ ಮಿತಿ ಅಲ್ಲಿಗೇ ಮುಗಿಯಿತು.

ಹಂತ 5: ಕರೆಂಟಿನ ಲೆಕ್ಕ

ವಿದೇಶದಿಂದ ಮಗ ತಂದುಕೊಟ್ಟ ಸಾಮಾನು ಇಲ್ಲಿ ಸುಡುವುದು ಇದೇ ಹಂತದಲ್ಲಿ. ಅಮೆರಿಕದ ಆರ್‌ವಿ ಸಾಮಾನು 120 ವೋಲ್ಟಿನದು, ಜಪಾನಿನದು 100 ವೋಲ್ಟ್. ನಮ್ಮದು 230 ವೋಲ್ಟ್, 50 ಹರ್ಟ್ಸ್. ಯುರೋಪ್ ಮತ್ತು ಆಸ್ಟ್ರೇಲಿಯಾದ್ದು ನಮಗೆ ಸರಿಹೊಂದುತ್ತದೆ, ಪ್ಲಗ್ಗಿನ ಆಕಾರ ಮಾತ್ರ ಬೇರೆ. ಯುರೋಪಿನ ಕ್ಯಾಂಪುಗಳಲ್ಲಿ ನೀಲಿ ಬಣ್ಣದ, ದುಂಡನೆಯ, ಮೂರು ಪಿನ್ನಿನ 16 ಆಂಪಿಯರ್ ಪ್ಲಗ್ ಇರುತ್ತದೆ. ಅದೇ ನಮೂನೆಯ ಇಂಡಸ್ಟ್ರಿಯಲ್ ಪ್ಲಗ್ ನಮ್ಮಲ್ಲೂ ಸಿಗುತ್ತದೆ. ಪೂರ್ತಿ ಕ್ಯಾರವಾನ್ ಆದರೆ ಗಾಡಿಯ ಮೈಮೇಲೆ, ಪೆಟ್ಟಿಗೆ ಮಾದರಿಯಾದರೆ ಪೆಟ್ಟಿಗೆಯ ಮೇಲೆ ಅದನ್ನು ಹಾಕಿಸಿ, ಮಳೆಗೆ ಮುಚ್ಚಳ ಇರುತ್ತದೆ. ಒಳಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ ಅಂದುಕೊಳ್ಳಿ. ಕರೆಂಟು ಎಲ್ಲಾದರೂ ಸೋರಿದರೆ ಕ್ಷಣದಲ್ಲಿ ಕಡಿದುಹಾಕುವ ಸ್ವಿಚ್ ಅದು. ತಗಡಿನ ಗಾಡಿಯಲ್ಲಿ, ಒದ್ದೆ ಕಾಲಲ್ಲಿ, ಅದಿಲ್ಲದೆ ಹೊರಗಿನ ಕರೆಂಟು ತೆಗೆದುಕೊಳ್ಳಬೇಡಿ.

ಈಗ ನೋಟ್‌ಬುಕ್ ತೆಗೆಯಿರಿ. ವ್ಯಾಟ್ ಗುಣಿಸು ಗಂಟೆ, ಇಷ್ಟೇ ಲೆಕ್ಕ. 25 ವ್ಯಾಟಿನ ಫ್ಯಾನು ರಾತ್ರಿ 8 ಗಂಟೆ, 200. ಎಲ್‌ಇಡಿ ದೀಪ 10 ವ್ಯಾಟ್, 5 ಗಂಟೆ, 50. ನಾಲ್ಕು ಫೋನು, 60. ಚಿಕ್ಕ ಕಂಪ್ರೆಸರ್ ಫ್ರಿಜ್ಜು 45 ವ್ಯಾಟ್, ದಿನಕ್ಕೆ 12 ಗಂಟೆ ಓಡಿದರೂ 540. ಒಟ್ಟು 850 ವ್ಯಾಟ್-ಅವರ್. 12 ವೋಲ್ಟಿನ 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ. ಅಂದರೆ ಒಂದೂವರೆ ದಿನ. ಫ್ರಿಜ್ಜು ತೆಗೆದುಬಿಡಿ, ಅದೇ ಬ್ಯಾಟರಿ ನಾಲ್ಕು ದಿನ ಬರುತ್ತದೆ. 200 ವ್ಯಾಟಿನ ಸೋಲಾರ್ ಪ್ಲೇಟು ನಮ್ಮ ಬಿಸಿಲಿನಲ್ಲಿ ದಿನಕ್ಕೆ 750ರ ಹತ್ತಿರ ವಾಪಸ್ ತುಂಬುತ್ತದೆ. ಹಳೆಯ ಲೆಡ್-ಆ್ಯಸಿಡ್ ಬ್ಯಾಟರಿಯಾದರೆ ಅರ್ಧದಷ್ಟು ಮಾತ್ರ ಬಳಸಬೇಕು, ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ.

ಎಸಿ? ಒಂದು ಸಾವಿರ ವ್ಯಾಟ್ ಎಳೆಯುವ ಎಸಿ ಆ ಬ್ಯಾಟರಿಯನ್ನು ಸುಮಾರು ಒಂದು ಗಂಟೆಯಲ್ಲಿ ಕುಡಿದು ಮುಗಿಸುತ್ತದೆ. ಹೊರಗಿನ ಕರೆಂಟು ಸಿಕ್ಕರೆ ಮಾತ್ರ ಎಸಿ. ಗಾಡಿಯ ಎಂಜಿನ್ ಬ್ಯಾಟರಿಯಿಂದ ಯಾವತ್ತೂ ಫ್ಯಾನು ಓಡಿಸಬೇಡಿ, ಬೆಳಗ್ಗೆ ಗಾಡಿ ಶುರುವಾಗುವುದಿಲ್ಲ.

ಹಂತ 6: ಒಲೆ, ಗ್ಯಾಸು, ಬುತ್ತಿ

ಅಮೆರಿಕದ ಒಲೆ ಪ್ರೊಪೇನಿಗೆ ಮಾಡಿದ್ದು. ನಮ್ಮ ಸಿಲಿಂಡರಿನಲ್ಲಿ ಪ್ರೊಪೇನ್, ಬ್ಯುಟೇನ್ ಎರಡೂ ಬೆರೆತಿರುತ್ತವೆ. ಜೆಟ್ಟು (ಗ್ಯಾಸು ಹೊರಬರುವ ಸಣ್ಣ ತೂತು), ರೆಗ್ಯುಲೇಟರ್ ಬೇರೆ ಬೇರೆ. ಹಾಗಾಗಿ ವಿದೇಶಿ ಒಲೆಯನ್ನು ಇಲ್ಲಿನ ಸಿಲಿಂಡರಿಗೆ ಜೋಡಿಸಬೇಡಿ. ಇಲ್ಲಿನ ಐಎಸ್‌ಐ ಗುರುತಿನ ಒಲೆ, ಗುರುತಿನ ಚೀಟಿ ತೋರಿಸಿ ತರುವ 5 ಕೆಜಿ ಸಿಲಿಂಡರ್ ಸಾಕು.

ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲಕ್ಕೆ ಇಳಿದು ಅಲ್ಲೇ ಕೂರುತ್ತದೆ. ನೀವು ಮಲಗುವುದೂ ನೆಲದ ಹತ್ತಿರವೇ ಅಲ್ವಾ? ಅದಕ್ಕೇ ಯುರೋಪಿನ ಗಾಡಿಗಳಲ್ಲಿ ಸಿಲಿಂಡರಿಗೆ ಬೇರೆ ಗೂಡು, ಅದರ ತಳದಲ್ಲಿ ಹೊರಕ್ಕೆ ಕಿಂಡಿ ಇರುತ್ತದೆ. ಪೆಟ್ಟಿಗೆ ಮಾದರಿಯಲ್ಲಿ ಈ ಕಿಂಡಿ ಮಾಡುವುದು ಕಷ್ಟ, ಹಾಗಾಗಿ ಅಡುಗೆ ಹೊರಗೇ ಮಾಡಿ, ರಾತ್ರಿ ಸಿಲಿಂಡರನ್ನು ಹೊರಗೆ ಇಳಿಸಿ. ಕಿಟಕಿ ಮುಚ್ಚಿ ಒಲೆಯನ್ನಾಗಲಿ ಇದ್ದಿಲನ್ನಾಗಲಿ ಒಳಗೆ ಹಚ್ಚಿ ಮಲಗಬೇಡಿ. ಹಾಗೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ, ಎಚ್ಚರ ಆಗುವುದೇ ಇಲ್ಲ. ಕೈಗೆಟುಕುವ ಕಡೆ ಒಂದು ಅಗ್ನಿಶಾಮಕ ಇರಲಿ.

ನಮಗೊಂದು ದೊಡ್ಡ ಅನುಕೂಲ ಇದೆ, ಅದನ್ನು ಬಿಟ್ಟುಕೊಡಬೇಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು. ಫ್ರಿಜ್ಜು ಬೇಡ, ಬೆಂಕಿ ಬೇಡ, ವಾರ ಕಳೆದರೂ ಕೆಡುವುದಿಲ್ಲ. ಒಂದು ಫ್ರಿಜ್ಜಿನ ತೂಕ ಮತ್ತು ದಿನಕ್ಕೆ 540 ವ್ಯಾಟ್-ಅವರ್ ಉಳಿಸುವ ಅಡುಗೆ ಇದು. ಮೊಸರು, ತರಕಾರಿ ದಾರಿಯಲ್ಲಿ ಕೊಳ್ಳಿ.

ಹಂತ 7: ನೀರು, ಸಂಡಾಸ

ಸ್ನಾನ ಬಿಟ್ಟು ಒಬ್ಬರಿಗೆ ದಿನಕ್ಕೆ 10ರಿಂದ 15 ಲೀಟರ್ ನೀರು ಬೇಕು. ದೊಡ್ಡ ಟ್ಯಾಂಕು ಕೂರಿಸುವುದಕ್ಕಿಂತ 20 ಲೀಟರಿನ ಮೂರು ಕ್ಯಾನು ಒಳ್ಳೆಯದು. ತುಂಬಿಸುವುದು, ತೊಳೆಯುವುದು, ಹೊರುವುದು ಎಲ್ಲ ಸುಲಭ.

ಸಂಡಾಸದ ವಿಷಯ ಕೇಳಲು ಜನ ಮುಜುಗರಪಡುತ್ತಾರೆ, ಆದರೆ ದೇಶದಿಂದ ದೇಶಕ್ಕೆ ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ. ಅಮೆರಿಕದ ಗಾಡಿಯ ಹೊಟ್ಟೆಯಲ್ಲಿ ಮಲದ ನೀರಿಗೆ ಒಂದು ಟ್ಯಾಂಕು, ಪಾತ್ರೆ ತೊಳೆದ ನೀರಿಗೆ ಇನ್ನೊಂದು. ತುಂಬಿದ ಮೇಲೆ ಡಂಪ್ ಸ್ಟೇಷನ್ನಿಗೆ, ಅಂದರೆ ಕೊಳೆ ಖಾಲಿ ಮಾಡುವ ಕಟ್ಟೆಗೆ ಹೋಗಿ ಪೈಪು ಜೋಡಿಸುತ್ತಾರೆ. ಯುರೋಪಿನಲ್ಲಿ ಕ್ಯಾಸೆಟ್ ಸಂಡಾಸ: ಕೆಳಗೆ 20 ಲೀಟರಿನೊಳಗಿನ ಒಂದು ಪೆಟ್ಟಿಗೆ, ಸೂಟ್‌ಕೇಸಿನ ಹಾಗೆ ಎಳೆದು ತೆಗೆದು ಯಾವುದೇ ಶೌಚಾಲಯದಲ್ಲಿ ಸುರಿಯಬಹುದು. ನ್ಯೂಜಿಲೆಂಡಿನಲ್ಲಿ ಬಯಲಲ್ಲಿ ತಂಗುವ ಗಾಡಿಗೆ ಮೂರು ದಿನದ ನೀರು, ಕೊಳೆ ಎರಡನ್ನೂ ತಾನೇ ಹೊರುವ ಶಕ್ತಿ ಇರಬೇಕು, 2023ರ ಕಾಯ್ದೆಯ ನಂತರ ಸಂಡಾಸವೂ ಗಾಡಿಗೆ ಭದ್ರವಾಗಿ ಕೂರಿಸಿದ್ದೇ ಆಗಬೇಕು.

ನಮ್ಮ ಕಡೆ ಡಂಪ್ ಸ್ಟೇಷನ್ನು ನೆಚ್ಚಿಕೊಳ್ಳುವ ಹಾಗಿಲ್ಲ, ಹಾಗಾಗಿ ಕ್ಯಾಸೆಟ್ ಅಥವಾ ಕೈಯಲ್ಲಿ ಎತ್ತುವ ಪೋರ್ಟಬಲ್ ಸಂಡಾಸವೇ ಸರಿ. ಮನೆಯಲ್ಲಿ ಸುರಿಯಿರಿ, ಅಥವಾ ಲಾಡ್ಜಿನವರನ್ನು ಕೇಳಿ ಅವರ ಶೌಚಾಲಯದಲ್ಲಿ. ಹಳ್ಳಕ್ಕೆ, ಹೊಲದ ಬದುವಿಗೆ, ಕೆರೆಯ ದಂಡೆಗೆ ಸುರಿಯಲೇಬೇಡಿ. ಆ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ.

ಹಂತ 8: ಬಿಸಿಲು ಮತ್ತು ಧೂಳು

ಯುರೋಪಿನ ಗಾಡಿ ಚಳಿಗೆ ಮಾಡಿದ್ದು, ಹೀಟರಿನ ಬಿಸಿ ಹೊರಗೆ ಹೋಗದಂತೆ. ವಿಜಯಪುರದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುತ್ತದೆ, ಗಾಡಿಯ ತಗಡು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ನಮಗೆ ಬೇಕಾದದ್ದು ಹೊರಗಿನ ನೆರಳು ಮತ್ತು ಒಳಗಿನ ಗಾಳಿ. ಬಣ್ಣ ಬಿಳಿ ಇರಲಿ. ಕಿಟಕಿಗೆ ಸೊಳ್ಳೆ ಪರದೆ ಹೊಲಿಸಿ, ಅಯಸ್ಕಾಂತದ ಗುಂಡಿಯಿಂದ ಅಂಟಿಸಿ. ಮಧ್ಯಾಹ್ನದ ನಂತರ ನೆರಳು ಯಾವ ಕಡೆ ಬೀಳುತ್ತದೆ ಅಂತ ನೋಡಿ ನಿಲ್ಲಿಸಿ.

ಧೂಳಿಗೆ ಒಂದು ಸುಲಭ ಪರೀಕ್ಷೆ ಇದೆ. ರಾತ್ರಿ ಗಾಡಿಯೊಳಗೆ ಜೋರು ಟಾರ್ಚ್ ಹಚ್ಚಿಟ್ಟು, ಬಾಗಿಲು ಹಾಕಿ, ಹೊರಗಿನಿಂದ ಸುತ್ತು ಬನ್ನಿ. ಬೆಳಕಿನ ಗೆರೆ ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಧೂಳು ಬರುತ್ತದೆ. ಹಿಂದಿನ ಬಾಗಿಲಿನ ಕೆಳ ಅಂಚು ಸಾಮಾನ್ಯವಾಗಿ ಕಳ್ಳ. ಹೊಸ ರಬ್ಬರ್ ಬೀಡಿಂಗ್ ಹಾಕಿಸಿ. ಆಸ್ಟ್ರೇಲಿಯಾದವರು ನೆತ್ತಿ ಮೇಲೆ ಒಂದು ಕಿಂಡಿಯಿಂದ ಶುದ್ಧ ಗಾಳಿ ಒಳಗೆ ನುಗ್ಗಿಸುತ್ತಾರೆ. ಒಳಗಿನ ಒತ್ತಡ ಜಾಸ್ತಿಯಾದರೆ ಧೂಳು ಸಂದಿಯಿಂದ ನುಸುಳುವುದಿಲ್ಲ. ಮಣ್ಣಿನ ರಸ್ತೆಯಲ್ಲಿ ನೀವೂ ಮುಂದಿನ ಬ್ಲೋವರನ್ನು ಹೊರಗಾಳಿಗೆ ಇಟ್ಟು, ಕಿಟಕಿ ಪೂರ್ತಿ ಮುಚ್ಚಿ ಓಡಿಸಿ ನೋಡಿ. ಮುಂದಿನ ಗಾಡಿಯ ಧೂಳಿನಿಂದ ದೂರ ಇದ್ದಾಗ ಇದು ಚೆನ್ನಾಗಿ ನಡೆಯುತ್ತದೆ.

ಹಂತ 9: ವಿದೇಶದಲ್ಲೇ ಬಾಡಿಗೆಗೆ ಹಿಡಿಯುವವರಿಗೆ

ಮಕ್ಕಳ ಮನೆಗೆ ಹೋಗುವ ಹಿರಿಯರೂ ಕೇಳುತ್ತಾರೆ, ಅವರಿಗಾಗಿ ಚುಟುಕಾಗಿ. ಹೊರಡುವ ಮುಂಚೆ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿ, ಒಂದು ವರ್ಷ ನಡೆಯುತ್ತದೆ. ಯುರೋಪಿನಲ್ಲಿ ಗಾಡಿಯ ಒಟ್ಟು ತೂಕ 3,500 ಕೆಜಿ ಒಳಗಿದೆಯಾ ಅಂತ ಕೇಳಿ. ಅಮೆರಿಕದಲ್ಲಿ ಮೈಲಿಗೆ ಬೇರೆ, ಜನರೇಟರ್ ಗಂಟೆಗೆ ಬೇರೆ, ಹಾಸಿಗೆ-ಪಾತ್ರೆಗೆ ಬೇರೆ ದುಡ್ಡು ಕೇಳುವುದುಂಟು. ಬಾಡಿಗೆಯ ಮೊತ್ತವನ್ನಷ್ಟೇ ನೋಡಿ ಖುಷಿಪಡಬೇಡಿ. ಅಲ್ಲಿ ಟ್ಯಾಂಕು ಖಾಲಿ ಮಾಡುವಾಗ ಮೊದಲು ಮಲದ ಟ್ಯಾಂಕು, ಆಮೇಲೆ ಪಾತ್ರೆ ನೀರಿನದು. ಹಾಗೆ ಮಾಡಿದರೆ ಎರಡನೆಯ ನೀರೇ ಪೈಪನ್ನು ತೊಳೆಯುತ್ತದೆ. ಬ್ರಿಟನ್ನಿನಲ್ಲಿ ಕ್ಯಾರವಾನನ್ನು ಎಳೆಯುವಾಗ ಅದರೊಳಗೆ ಯಾರೂ ಕೂರುವ ಹಾಗಿಲ್ಲ. ಗಾಡಿ ಕೈಗೆ ಬಂದ ಕೂಡಲೇ ಸುತ್ತಲೂ ವಿಡಿಯೊ ಮಾಡಿಕೊಳ್ಳಿ, ನೆತ್ತಿಯನ್ನೂ ಸೇರಿಸಿ.

ಹಂತ 10: ನಿಲ್ಲಿಸುವ ಜಾಗ, ಮೊದಲ ಓಡಾಟ

ಜರ್ಮನಿಯಲ್ಲಿ ಒಂದು ರಾತ್ರಿ ತಂಗಲೆಂದೇ ಊರೂರಲ್ಲಿ ಷ್ಟೆಲ್‌ಪ್ಲಾಟ್ಸ್ ಅನ್ನುವ ಜಾಗ ಇದೆ. ಜಪಾನಿನಲ್ಲಿ ಹೆದ್ದಾರಿ ಪಕ್ಕ ಮಿಚಿ-ನೊ-ಎಕಿ ಅನ್ನುವ ವಿಶ್ರಾಂತಿ ತಾಣಗಳಿವೆ. ನಮ್ಮಲ್ಲಿ ಅದು ಬರುವವರೆಗೆ ಕೇಳಿಯೇ ನಿಲ್ಲಿಸಬೇಕು: ಪೆಟ್ರೋಲ್ ಬಂಕು, ಲಾಡ್ಜಿನ ಅಂಗಳ, ಪರಿಚಯದವರ ತೋಟ. ಭೀಮಗಡದಂಥ ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ತಂಗಬೇಡಿ. ಐಹೊಳೆ, ಪಟ್ಟದಕಲ್ಲಿನ ಗುಡಿಗಳ ಆವರಣದಲ್ಲಿ ಒಲೆ ಹಚ್ಚುವ ಹಾಗಿಲ್ಲ. ಬಾದಾಮಿಯಲ್ಲಿ ಕಿಟಕಿ ತೆರೆದಿಟ್ಟು ಅಗಸ್ತ್ಯ ತೀರ್ಥ ನೋಡಲು ಹೋಗಬೇಡಿ. ಮಂಗಗಳು ಬುತ್ತಿ ಗಂಟನ್ನು ಬಿಚ್ಚಿಯೇ ತಿನ್ನುತ್ತವೆ.

ಎರೆ ಹೊಲದ ಬಗ್ಗೆ ವಿಶೇಷ ಎಚ್ಚರ. ಬೇಸಿಗೆಯಲ್ಲಿ ಅದು ಕಲ್ಲಿನಷ್ಟು ಗಟ್ಟಿ, ನಿಲ್ಲಿಸಲು ಬಹಳ ಚೆನ್ನಾಗಿ ಕಾಣುತ್ತದೆ. ರಾತ್ರಿ ಒಂದು ಹದ ಮಳೆ ಬಿದ್ದರೆ ಬೆಳಗ್ಗೆ ಗಾಲಿಗೆ ಅಂಟಿದ ಮಣ್ಣು ಮಡ್‌ಗಾರ್ಡ್ ತನಕ ತುಂಬಿ ಗಾಡಿ ಕದಲುವುದಿಲ್ಲ. ಮೋಡ ಕಂಡರೆ ಮುರುಮ್ ಹಾಕಿದ ಜಾಗ ಅಥವಾ ಡಾಂಬರ್ ಅಂಚು ಹುಡುಕಿ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಓಡಿಸಲೇಬೇಡಿ. ಹಿಂದೆ ದೀಪವಿಲ್ಲದ ಡಬಲ್ ಟ್ರೇಲರ್ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ. ಸಂಜೆ ಆರರೊಳಗೆ ಗಾಡಿ ನಿಂತಿರಬೇಕು.

ಮೊದಲ ರಾತ್ರಿ ನಿಮ್ಮ ಮನೆಯ ಅಂಗಳದಲ್ಲೇ ಕಳೆಯಿರಿ. ಮನೆಯ ಬಾಗಿಲು ಹಾಕಿ, ಏನೇ ಬೇಕಾದರೂ ಗಾಡಿಯೊಳಗಿನದನ್ನೇ ಬಳಸಿ. ಯಾವುದು ಮರೆತಿರಿ ಅಂತ ಆ ರಾತ್ರಿಯೇ ಗೊತ್ತಾಗುತ್ತದೆ. ಎರಡನೆಯ ಸಲ ಚಳಿಗಾಲದಲ್ಲಿ, ಎರಡು ರಾತ್ರಿಗೆ ಹೋಗಿ. ಆಲಮಟ್ಟಿಯಿಂದ ಐಹೊಳೆ, ಪಟ್ಟದಕಲ್ಲು ನೋಡಿಕೊಂಡು ಅಲ್ಲಿಂದ 22 ಕಿ.ಮೀ. ದೂರದ ಬಾದಾಮಿಗೆ. ಈ ಹಾದಿಯಲ್ಲಿ ಹೆದ್ದಾರಿ, ಊರೊಳಗಿನ ಓಣಿ, ಹಂಪು, ಧೂಳು ಎಲ್ಲವೂ ಸಿಗುತ್ತವೆ, ಏನಾದರೂ ಕೆಟ್ಟರೆ ಗ್ಯಾರೇಜೂ ಸಿಗುತ್ತದೆ. ಮನೆಗೆ ಬಂದ ಮೇಲೆ ಎಲ್ಲ ಸಾಮಾನನ್ನೂ ಅಂಗಳದಲ್ಲಿ ಹರವಿ. ಎರಡು ದಿನದಲ್ಲಿ ಒಮ್ಮೆಯೂ ಮುಟ್ಟದ ವಸ್ತುಗಳನ್ನು ಬೇರೆ ಇಡಿ. ಅಗ್ನಿಶಾಮಕ, ಔಷಧಿ ಡಬ್ಬಿ, ಸ್ಟೆಪ್ನಿ ಬಿಟ್ಟು ಉಳಿದದ್ದನ್ನು ಮನೆಯೊಳಗೆ ಒಯ್ಯಿರಿ, ಆಮೇಲೆ ಗಾಡಿಯನ್ನು ಇನ್ನೊಮ್ಮೆ ಕಾಟಾಕ್ಕೆ ಹಾಕಿ ಚೀಟಿಯನ್ನು ನೋಟ್‌ಬುಕ್ಕಿನಲ್ಲಿ ಅಂಟಿಸಿ.